ಕರುಳಿನ ತೊಂದರೆಗೆ ಖಿನ್ನತೆಯ ಗುಳಿಗೆ: ಮನೋವೈದ್ಯರ ಔಷಧಿ ಈಗಾಗಲೇ ನಡೆಯುತ್ತಿದ್ದರೆ ಯಾವುದು ಸರಿ?

ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಲ್ಲಿ ವರ್ಷಗಟ್ಟಲೆ ಹೊಟ್ಟೆಯ ತೊಂದರೆ ಅನುಭವಿಸುವವರ ಚೀಟಿಗಳು ಒಂದೇ ದವಾಖಾನೆಯವು ಆಗಿರುವುದು ಅಪರೂಪ. ಮನೋವೈದ್ಯರ ಚೀಟಿ ಕಲಬುರಗಿಯದ್ದಾಗಿದ್ದರೆ ಹೊಟ್ಟೆಯ ತಜ್ಞರ ಚೀಟಿ ಹೈದರಾಬಾದಿನದ್ದೋ ಸೊಲ್ಲಾಪುರದ್ದೋ ಆಗಿರುತ್ತದೆ. ಊರಿನ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಗ್ಯಾಸಿನ ಗುಳಿಗೆಯಂತೂ ಯಾವ ಚೀಟಿಯಲ್ಲೂ ಇರುವುದಿಲ್ಲ. ಇಂಥವರಿಗೆ ಎಂಡೋಸ್ಕೋಪಿ, ರಕ್ತಪರೀಕ್ಷೆ ಎಲ್ಲವೂ ಸರಿಯಿದೆಯೆಂದು ತಿಳಿಸಿ, ಇದು ಐಬಿಎಸ್, ಅಂದರೆ ಕರುಳಿನ ಕೆರಳಿಕೆಯ ತೊಂದರೆ ಎಂದು ಹೇಳಿ, ರಾತ್ರಿ ಮಲಗುವಾಗ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ತೆಗೆದುಕೊಳ್ಳಲು ಬರೆದುಕೊಟ್ಟಾಗ ಎರಡು ಪ್ರಶ್ನೆಗಳು ಏಳುತ್ತವೆ. ಹೊಟ್ಟೆನೋವಿಗೆ ಖಿನ್ನತೆಯ ಗುಳಿಗೆ ಏಕೆ ಎಂಬುದು ಮೊದಲನೆಯದು. ಈಗಾಗಲೇ ನುಂಗುತ್ತಿರುವ ಮನೋವೈದ್ಯರ ಗುಳಿಗೆಗಳ ಜೊತೆಗೆ ಇದು ಹೊಂದುತ್ತದೆಯೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸುಲಭ. ಆದರೆ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಎರಡನೆಯದು. ಭೇದಿ ಹೆಚ್ಚೋ ಮಲಬದ್ಧತೆ ಹೆಚ್ಚೋ ಎಂಬುದಕ್ಕಿಂತಲೂ, ಈಗ ನಡೆಯುತ್ತಿರುವ ಔಷಧಿಗಳ ಪಟ್ಟಿಯಲ್ಲಿ ಏನೇನಿದೆ ಎಂಬುದರ ಮೇಲೆ ಸರಿಯಾದ ಆಯ್ಕೆ ನಿಂತಿದೆ ಎಂಬುದು ಈ ಬರಹದ ನಿಲುವು. ಇದನ್ನು ಓದಿ ಯಾರೂ ತಾವಾಗಿಯೇ ಔಷಧಿ ಆರಂಭಿಸಬಾರದು, ನಿಲ್ಲಿಸಲೂಬಾರದು. ವೈದ್ಯರ ಮುಂದೆ ಕುಳಿತಾಗ ಕೇಳಬೇಕಾದದ್ದನ್ನು ಕೇಳಲು ಇದು ನೆರವಾದರೆ ಸಾಕು.

ಐಬಿಎಸ್ ಎಂದು ಒಪ್ಪಿಕೊಳ್ಳುವ ಮುನ್ನ

2016ರ ರೋಮ್ 4 ಮಾನದಂಡದ ಪ್ರಕಾರ, ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ಹೊಟ್ಟೆನೋವು ಬಂದಿರಬೇಕು. ಆ ನೋವಿಗೆ ಮಲವಿಸರ್ಜನೆಯೊಂದಿಗೆ, ಅದರ ಸಂಖ್ಯೆಯಲ್ಲಾದ ಬದಲಾವಣೆಯೊಂದಿಗೆ ಅಥವಾ ಮಲದ ರೂಪದಲ್ಲಾದ ಬದಲಾವಣೆಯೊಂದಿಗೆ, ಈ ಮೂರರಲ್ಲಿ ಕನಿಷ್ಠ ಎರಡರೊಂದಿಗೆ, ಸಂಬಂಧವಿರಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಸಂಜೆಯ ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಮೊದಲ ಬಾರಿಗೆ ಕಾಣಿಸಿಕೊಂಡ ತೊಂದರೆ, ಇವುಗಳಲ್ಲಿ ಒಂದಿದ್ದರೂ ಐಬಿಎಸ್ ಎಂಬ ಹಣೆಪಟ್ಟಿ ಹಚ್ಚಲು ಅವಸರ ಮಾಡಬಾರದು. ಕರುಳಿನ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಕಂಡುಬರುವ ರೋಗವೆಂಬುದನ್ನು ಮರೆಯುವಂತಿಲ್ಲ.

ಇದಕ್ಕಿಂತ ಹೆಚ್ಚಾಗಿ ಕಡೆಗಣಿಸಲ್ಪಡುವ ಇನ್ನೊಂದು ಸಾಧ್ಯತೆಯಿದೆ. ಮನಸ್ಸಿಗೆಂದು ಕೊಟ್ಟ ಗುಳಿಗೆಯೇ ಹೊಟ್ಟೆಯನ್ನು ಕೆಡಿಸುತ್ತಿರಬಹುದು. ಖಿನ್ನತೆಗೂ ಆತಂಕಕ್ಕೂ ಕೊಡುವ ಸರ್ಟ್ರಾಲಿನ್ ಅನೇಕರಲ್ಲಿ ಜುಲಾಬು ಉಂಟುಮಾಡುತ್ತದೆ. ಮನಸ್ಥಿತಿಯ ಏರಿಳಿತ ತಡೆಯಲು ಕೊಡುವ ಲಿಥಿಯಂ ಕೂಡ ಹಾಗೆಯೇ. ಅದಕ್ಕೇ ಕೊಡುವ ವ್ಯಾಲ್ಪ್ರೋಯೇಟ್ ವಾಕರಿಕೆ ತರುತ್ತದೆ. ಓಲಾನ್ಜಪಿನ್‌ನಿಂದ ತೂಕ ಏರಿತೆಂದು ಜೊತೆಗೆ ಕೊಡುವ ಮೆಟ್‌ಫಾರ್ಮಿನ್ ಭೇದಿ ಮತ್ತು ಹೊಟ್ಟೆಯುಬ್ಬರಕ್ಕೆ ಹೆಸರಾದದ್ದು. ಇದಕ್ಕೆ ವಿರುದ್ಧವಾಗಿ ಮನೋವಿಕಾರಕ್ಕೆ ಕೊಡುವ ಕ್ಲೋಜಪಿನ್, ಓಲಾನ್ಜಪಿನ್, ಹಾಗೂ ಕೈನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಲವನ್ನು ಗಟ್ಟಿಮಾಡುತ್ತವೆ. ಆದ್ದರಿಂದ ಹೊಟ್ಟೆಯ ತೊಂದರೆ ಶುರುವಾದ ತಿಂಗಳನ್ನೂ ಔಷಧಿ ಶುರುವಾದ ಅಥವಾ ಅದರ ಪ್ರಮಾಣ ಏರಿಸಿದ ತಿಂಗಳನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡುವುದು ಮೊದಲ ಕೆಲಸ. ಎರಡೂ ಹೊಂದಿಕೊಂಡರೆ, ಇನ್ನೊಂದು ಗುಳಿಗೆ ಸೇರಿಸುವುದಕ್ಕಿಂತ ಇರುವುದನ್ನು ಬದಲಿಸುವ ಬಗ್ಗೆ ಮನೋವೈದ್ಯರನ್ನು ಕೇಳುವುದೇ ಜಾಣತನ. ನನ್ನ ಮಟ್ಟಿಗೆ ಹೇಳುವುದಾದರೆ, ಈ ಒಂದು ಹೆಜ್ಜೆಯನ್ನು ಬಿಟ್ಟು ಮುಂದಿನ ಯಾವ ಹೋಲಿಕೆಗೂ ಅರ್ಥವಿಲ್ಲ.

ನಾಲ್ಕು ಬಗೆಯ ಗುಳಿಗೆಗಳು

ಕರುಳಿಗೆ ತನ್ನದೇ ಆದ ನರಜಾಲವಿದೆ, ಮತ್ತು ದೇಹದ ಸೆರೊಟೊನಿನ್‌ನ ಬಹುಪಾಲು ತಯಾರಾಗುವುದು ಕರುಳಿನಲ್ಲಿಯೇ. ಕರುಳಿನಿಂದ ಮೆದುಳಿಗೆ ಹೋಗುವ ನೋವಿನ ಸಂಕೇತಗಳನ್ನು ತಗ್ಗಿಸುವುದೂ ಕರುಳಿನ ಚಲನೆಯನ್ನು ಬದಲಿಸುವುದೂ ಇಲ್ಲಿ ಈ ಗುಳಿಗೆಗಳ ಕೆಲಸ. ಖಿನ್ನತೆ ಇಲ್ಲದವರಲ್ಲಿಯೂ ಅವು ಹೊಟ್ಟೆನೋವನ್ನು ತಗ್ಗಿಸುತ್ತವೆ. ಹೀಗಾಗಿ ವೈದ್ಯರು ಇದನ್ನು ಬರೆದುಕೊಟ್ಟರೆಂದ ಮಾತ್ರಕ್ಕೆ ನಿಮ್ಮ ನೋವು ಬರೀ ಮನಸ್ಸಿನ ಕಲ್ಪನೆಯೆಂದು ಅವರು ತಿಳಿದಿದ್ದಾರೆ ಎಂದಲ್ಲ.

ಮೊದಲನೆಯದು ಟ್ರೈಸೈಕ್ಲಿಕ್ ಗುಂಪು: ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್, ಇಮಿಪ್ರಮಿನ್. ಐಬಿಎಸ್‌ಗೆ ಅತಿ ಹೆಚ್ಚು ಆಧಾರವಿರುವುದು ಈ ಗುಂಪಿಗೇ. ಇಂಗ್ಲೆಂಡಿನಲ್ಲಿ ನಡೆದು 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಟ್ಲಾಂಟಿಸ್ ಅಧ್ಯಯನದಲ್ಲಿ 463 ಜನರಲ್ಲಿ ಕೆಲವರಿಗೆ ಅಮಿಟ್ರಿಪ್ಟಿಲಿನ್ 10ರಿಂದ 30 ಮಿಲಿಗ್ರಾಂ, ಉಳಿದವರಿಗೆ ಔಷಧಿಯಿಲ್ಲದ ಹುಸಿ ಗುಳಿಗೆ ಕೊಟ್ಟು 6 ತಿಂಗಳು ನೋಡಲಾಯಿತು. ನಿಜವಾದ ಗುಳಿಗೆ ನುಂಗಿದವರಲ್ಲಿ ತೊಂದರೆ ಹೆಚ್ಚು ಇಳಿಯಿತು. ಖಿನ್ನತೆಗೆ ಇದೇ ಔಷಧಿಯನ್ನು ಸಾಮಾನ್ಯವಾಗಿ 75ರಿಂದ 150 ಮಿಲಿಗ್ರಾಂ ಕೊಡುತ್ತಾರೆಂಬುದನ್ನು ನೆನೆದರೆ, ಹೊಟ್ಟೆಗೆ ಬೇಕಾದ ಪ್ರಮಾಣ ಎಷ್ಟು ಕಡಿಮೆಯೆಂಬುದು ತಿಳಿಯುತ್ತದೆ. ಇದು ಕರುಳಿನ ವೇಗವನ್ನು ತಗ್ಗಿಸುವುದರಿಂದ ಭೇದಿ ಹೆಚ್ಚಿರುವವರಿಗೆ, ನೋವಿನಿಂದ ನಿದ್ದೆ ಬಾರದವರಿಗೆ ಹೊಂದುತ್ತದೆ. ಮಲಬದ್ಧತೆಯವರಿಗೆ ತೊಂದರೆ ಹೆಚ್ಚಿಸಬಹುದು. ಬಾಯಿ ಒಣಗುವುದು, ಬೆಳಗಿನ ಮಂಪರು, ಮೂತ್ರ ಕಟ್ಟುವುದು ಇದರ ಅಡ್ಡ ಪರಿಣಾಮಗಳು. ನಾರ್ಟ್ರಿಪ್ಟಿಲಿನ್‌ನಲ್ಲಿ ಇವು ಸ್ವಲ್ಪ ಕಡಿಮೆ. ಪ್ರೋಸ್ಟೇಟ್ ಊದಿಕೊಂಡ ಹಿರಿಯರು, ಕಣ್ಣಿನ ಒತ್ತಡದ ಕೆಲವು ಬಗೆಯ ಗ್ಲಾಕೋಮಾ ಇರುವವರು, ಹೃದಯಾಘಾತದಿಂದ ಇತ್ತೀಚೆಗೆ ಚೇತರಿಸಿಕೊಂಡವರು ಈ ಗುಂಪಿನಿಂದ ದೂರವಿರಬೇಕು.

ಎರಡನೆಯದು ಮುಖ್ಯವಾಗಿ ಸೆರೊಟೊನಿನ್ ಏರಿಸುವ ಎಸ್‌ಎಸ್‌ಆರ್‌ಐ ಗುಂಪು: ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್, ಫ್ಲೂಕ್ಸೆಟಿನ್, ಪ್ಯಾರಾಕ್ಸೆಟಿನ್. ಆತಂಕಕ್ಕೂ ಖಿನ್ನತೆಗೂ ಇವು ಒಳ್ಳೆಯವು. ಹೊಟ್ಟೆನೋವಿಗೆ ಇವುಗಳ ಆಧಾರ ತೆಳುವಾದದ್ದು. ಅಮೆರಿಕದ ಜಠರಕರುಳು ತಜ್ಞರ ಸಂಘ 2022ರ ಮಾರ್ಗಸೂಚಿಯಲ್ಲಿ ಐಬಿಎಸ್‌ಗೆ ಟ್ರೈಸೈಕ್ಲಿಕ್‌ಗಳನ್ನು ಸೂಚಿಸಿ, ಎಸ್‌ಎಸ್‌ಆರ್‌ಐ ಬೇಡವೆಂದಿತು. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಇವುಗಳನ್ನು ಟ್ರೈಸೈಕ್ಲಿಕ್ ಫಲ ಕೊಡದಿದ್ದಾಗ ಮಾತ್ರ ಯೋಚಿಸಬೇಕೆನ್ನುತ್ತದೆ. ಆತಂಕವೂ ಮಲಬದ್ಧತೆಯೂ ಒಟ್ಟಿಗಿರುವ ವ್ಯಕ್ತಿಗೆ ಇದು ಎರಡು ಕೆಲಸವನ್ನೂ ಮಾಡಬಹುದು, ಅಷ್ಟೆ.

ಮೂರನೆಯದು ಡ್ಯುಲಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳಿರುವ ಎಸ್‌ಎನ್‌ಆರ್‌ಐ ಗುಂಪು. ಹೊಟ್ಟೆಯ ಜೊತೆಗೆ ಬೆನ್ನು, ಮೈಕೈ ನೋವೂ ಇರುವವರಿಗೆ, ಅದರ ಮೇಲೆ ಖಿನ್ನತೆಯೂ ಇದ್ದರೆ, ಡ್ಯುಲಾಕ್ಸೆಟಿನ್ ಯೋಚಿಸತಕ್ಕದ್ದು. ಐಬಿಎಸ್‌ಗೇ ನಡೆದ ದೊಡ್ಡ ಅಧ್ಯಯನಗಳ ಬಲ ಇದಕ್ಕಿಲ್ಲ. ನಾಲ್ಕನೆಯದಾದ ಮಿರ್ಟಾಜಪಿನ್ ಹಸಿವಿಲ್ಲದೆ, ವಾಕರಿಕೆಯಿಂದ ತೂಕ ಕಳೆದುಕೊಂಡವರಿಗೆ ಒಗ್ಗುತ್ತದೆ. ತೂಕ ಏರುವ ಭಯವಿರುವವರಿಗೆ ಒಗ್ಗುವುದಿಲ್ಲ.

ಈಗ ನಡೆಯುತ್ತಿರುವ ಔಷಧಿ ಯಾವುದು?

ಮೇಲಿನ ಹೋಲಿಕೆ ಬೇರೆ ಯಾವ ಔಷಧಿಯನ್ನೂ ತೆಗೆದುಕೊಳ್ಳದವರಿಗೆ ಸಾಕು. ಉಳಿದವರಿಗೆ ಲೆಕ್ಕ ಬದಲಾಗುತ್ತದೆ.

ಎಸ್‌ಎಸ್‌ಆರ್‌ಐ ಈಗಾಗಲೇ ನಡೆಯುತ್ತಿದ್ದರೆ, ಅದು ಯಾವುದೆಂಬುದೇ ಮುಖ್ಯ. ಯಕೃತ್ತಿನಲ್ಲಿ ಟ್ರೈಸೈಕ್ಲಿಕ್‌ಗಳನ್ನು ಒಡೆದುಹಾಕುವ ಕಿಣ್ವವೊಂದನ್ನು ಫ್ಲೂಕ್ಸೆಟಿನ್ ಮತ್ತು ಪ್ಯಾರಾಕ್ಸೆಟಿನ್ ಬಲವಾಗಿ ತಡೆಯುತ್ತವೆ. ಧೂಮಪಾನ ಬಿಡಿಸಲೂ ಖಿನ್ನತೆಗೂ ಕೊಡುವ ಬ್ಯುಪ್ರೊಪಿಯಾನ್ ಕೂಡ ಹಾಗೆಯೇ, ಡ್ಯುಲಾಕ್ಸೆಟಿನ್ ಮಧ್ಯಮ ಮಟ್ಟದಲ್ಲಿ. ಇವುಗಳ ಜೊತೆಗೆ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ನುಂಗಿದರೂ ರಕ್ತದಲ್ಲಿ ಅದರ ಪ್ರಮಾಣ ಹಲವು ಪಟ್ಟು ಏರಿ, ಚೀಟಿಯಲ್ಲಿ ಬರೆದ ಸಣ್ಣ ಅಂಕಿ ಹೆಸರಿಗಷ್ಟೇ ಸಣ್ಣದಾಗಿ ಉಳಿಯುತ್ತದೆ. ಫ್ಲೂಕ್ಸೆಟಿನ್ ನಿಲ್ಲಿಸಿದರೂ ಅದರ ಪರಿಣಾಮ ಸುಮಾರು 5 ವಾರ ಉಳಿಯುವುದರಿಂದ, ‘ಹೋದ ವಾರವೇ ಬಿಟ್ಟಿದ್ದೇನೆ’ ಎಂಬ ಮಾತಿನಿಂದ ನಿಶ್ಚಿಂತರಾಗುವಂತಿಲ್ಲ. ಸಾಮಾನ್ಯ ಪ್ರಮಾಣದ ಸರ್ಟ್ರಾಲಿನ್, ಎಸ್ಸಿಟಲೋಪ್ರಾಮ್ ಎರಡೂ ಸ್ವಲ್ಪ ಮಟ್ಟಿಗೆ ಮಾತ್ರ ಈ ಕಿಣ್ವವನ್ನು ತಡೆಯುತ್ತವೆ. ಆದರೆ ಎಸ್ಸಿಟಲೋಪ್ರಾಮ್ ಮತ್ತು ಅಮಿಟ್ರಿಪ್ಟಿಲಿನ್ ಎರಡೂ ಹೃದಯದ ವಿದ್ಯುತ್ ಲಯದ ಮೇಲೆ ಪ್ರಭಾವ ಬೀರುವುದರಿಂದ ಒಂದು ಇಸಿಜಿ ತೆಗೆಸಿ ಆರಂಭಿಸುವುದು ಒಳ್ಳೆಯದು. ಭೇದಿಯೇ ಹೆಚ್ಚಾಗಿರುವ, ಸರ್ಟ್ರಾಲಿನ್ ನುಂಗುತ್ತಿರುವ ವ್ಯಕ್ತಿಗೆ ಮನೋವೈದ್ಯರ ಒಪ್ಪಿಗೆಯಿಂದ ಅದನ್ನು ಬದಲಿಸುವ ದಾರಿ, ಎರಡನೆಯ ಗುಳಿಗೆ ಸೇರಿಸುವ ದಾರಿಗಿಂತ ನನಗೆ ಮೇಲೆನಿಸುತ್ತದೆ.

ಎಸ್‌ಎಸ್‌ಆರ್‌ಐ, ಟ್ರೈಸೈಕ್ಲಿಕ್‌ಗಳಂಥ, ಸೆರೊಟೊನಿನ್ ಏರಿಸುವ ಎರಡು ಔಷಧಿಗಳು ಕೂಡಿದಾಗ ಸೆರೊಟೊನಿನ್ ಅತಿಯಾಗುವ ಅಪಾಯ ಅಪರೂಪವಾದರೂ ಇದೆ. ಮಂಡಿನೋವಿಗೆಂದು ಟ್ರಮಡಾಲ್ ಕೂಡ ಸೇರಿದರೆ ಅದು ಹೆಚ್ಚುತ್ತದೆ. ಚಡಪಡಿಕೆ, ಬೆವರು, ನಡುಕ, ಮಾಂಸಖಂಡಗಳ ಸೆಳೆತ, ಜ್ವರ ಇದರ ಲಕ್ಷಣಗಳು, ಜೊತೆಗೆ ಭೇದಿ. ಕೊನೆಯದೇ ಮೋಸಮಾಡುವುದು: ಐಬಿಎಸ್ ಮತ್ತೆ ಕೆರಳಿತೆಂದು ಭಾವಿಸಿ ರೋಗಿ ಅದೇ ಗುಳಿಗೆಯನ್ನು ಇನ್ನೊಂದು ನುಂಗಬಹುದು.

ಲಿಥಿಯಂ ನಡೆಯುತ್ತಿರುವವರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮ ಭಾಗದ ಹವೆಯೂ ಇದರಲ್ಲಿ ಸೇರಿಕೊಳ್ಳುತ್ತದೆ. ಲಿಥಿಯಂ ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. ಅದಕ್ಕಿಂತ ಸ್ವಲ್ಪ ಮೇಲೇರಿದರೂ ವಿಷವಾಗತೊಡಗುತ್ತದೆ. ಭೇದಿಯಿಂದಲೋ ಬೆವರಿನಿಂದಲೋ ನೀರು ಮತ್ತು ಉಪ್ಪು ಕಡಿಮೆಯಾದಾಗ ಮೂತ್ರಪಿಂಡಗಳು ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣಾಂಶ 42 ಡಿಗ್ರಿ ದಾಟುವ ದಿನಗಳಲ್ಲಿ ಭೇದಿಯ ಐಬಿಎಸ್ ಇರುವ ವ್ಯಕ್ತಿಗೆ ಈ ಎರಡೂ ಒಟ್ಟಿಗೆ ಸಂಭವಿಸುತ್ತವೆ. ಕೈ ಜೋರಾಗಿ ನಡುಗುವುದು, ಮಾತು ತೊದಲುವುದು, ನಡೆಯುವಾಗ ತೂರಾಡುವುದು, ವಾಂತಿ ಭೇದಿ ಹೆಚ್ಚುವುದು ಕಂಡರೆ ಮುಂದಿನ ಗುಳಿಗೆ ನುಂಗುವ ಮೊದಲು ದವಾಖಾನೆಗೆ ಹೋಗಿ ಲಿಥಿಯಂ ಮಟ್ಟ ಪರೀಕ್ಷಿಸಬೇಕು. ಹೊಟ್ಟೆಗೆ ಒಳ್ಳೆಯದೆಂದು ಏಕಾಏಕಿ ಉಪ್ಪು ಬಿಡುವುದೂ, ನೋವಿಗೆಂದು ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ನುಂಗುವುದೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ.

ಲಿಥಿಯಂ ನುಂಗುವವರಲ್ಲಿ ಬಹುಪಾಲು ಜನರಿಗೆ ಇರುವುದು ಬೈಪೋಲಾರ್, ಅಂದರೆ ಒಮ್ಮೆ ಉನ್ಮಾದ ಒಮ್ಮೆ ಖಿನ್ನತೆ ಬರುವ ತೊಂದರೆ. ಅವರಲ್ಲಿ ಖಿನ್ನತೆಯ ಗುಳಿಗೆಗಳು ಉನ್ಮಾದವನ್ನು ಕೆರಳಿಸಬಲ್ಲವು. ಟ್ರೈಸೈಕ್ಲಿಕ್‌ಗಳೂ ವೆನ್ಲಾಫ್ಯಾಕ್ಸಿನ್‌ ಕೂಡ ಈ ವಿಷಯದಲ್ಲಿ ಹೆಚ್ಚು ಕುಖ್ಯಾತ. ಹೊಟ್ಟೆಗೆ ಕೊಡುವ ಸಣ್ಣ ಪ್ರಮಾಣದಲ್ಲಿ ಅಪಾಯ ಕಡಿಮೆಯಿರಬಹುದು, ಇಲ್ಲವೆನ್ನಲಾಗದು. ಇಂಥವರು ಮೊದಲು ಖಿನ್ನತೆಯ ಗುಳಿಗೆಯಲ್ಲದ ದಾರಿಗಳನ್ನೆಲ್ಲ ನೋಡಿ ಮುಗಿಸಬೇಕು. ಆಮೇಲೂ ಬೇಕೆನಿಸಿದರೆ ಮನೋವೈದ್ಯರೇ ಬರೆದುಕೊಡಲಿ. ನಿದ್ದೆ ಬೇಡವೆನಿಸುವುದು, ಮಾತು ಹೆಚ್ಚುವುದು, ಕೈಬಿಚ್ಚಿ ಖರ್ಚುಮಾಡುವುದು ಶುರುವಾದರೆ ತಕ್ಷಣ ತಿಳಿಸುವ ಹೊಣೆಯನ್ನು ಮನೆಯ ಒಬ್ಬರು ಹೊತ್ತುಕೊಂಡಿರಬೇಕು.

ರಿಸ್ಪೆರಿಡೋನ್, ಓಲಾನ್ಜಪಿನ್, ಹ್ಯಾಲೋಪೆರಿಡಾಲ್‌ಗಳಂಥ ಔಷಧಿ ಪಡೆಯುವವರಿಗೆ ಅದರ ಜೊತೆಗೆ ಪೇಸಿಟೇನ್ ಎಂಬ ಹೆಸರಿನಲ್ಲಿ ಪರಿಚಿತವಾದ ಟ್ರೈಹೆಕ್ಸಿಫೆನಿಡಿಲ್ ಹಲವೊಮ್ಮೆ ಇರುತ್ತದೆ. ಇದು ಬಾಯಿ, ಕರುಳು, ಮೂತ್ರಕೋಶ ಮೂರನ್ನೂ ಒಣಗಿಸಿ ನಿಧಾನಗೊಳಿಸುವ ಗುಣದ್ದು. ಅಮಿಟ್ರಿಪ್ಟಿಲಿನ್‌ನದೂ ಅದೇ ಗುಣ. ಹೊಟ್ಟೆ ನುಲಿತಕ್ಕೆ ಕೊಡುವ ಡೈಸೈಕ್ಲೋಮಿನ್‌ನದೂ ಅದೇ. ಮೂರೂ ಕೂಡಿದರೆ ಹಿರಿಯರಲ್ಲಿ ಮೂತ್ರ ಕಟ್ಟುವುದಲ್ಲದೆ ಮನಸ್ಸು ಗೊಂದಲಗೊಂಡು ಅಸಂಬದ್ಧ ಮಾತೂ ಶುರುವಾಗಬಹುದು, ಮತ್ತು ಅದನ್ನು ಹಳೆಯ ಮನೋರೋಗ ಮರುಕಳಿಸಿತೆಂದು ತಪ್ಪು ತಿಳಿಯುವುದುಂಟು. ಇದರ ಜೊತೆಗೆ ಈ ಔಷಧಿಗಳು ಬೆವರುವುದನ್ನೂ ಮೈ ತಣಿಸಿಕೊಳ್ಳುವುದನ್ನೂ ತಗ್ಗಿಸುತ್ತವೆ. ತೊಗರಿ ಹೊಲದಲ್ಲೋ ಕಟ್ಟಡದ ಕೆಲಸದಲ್ಲೋ ದುಡಿಯುವವರಿಗೆ ಬೇಸಿಗೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಟ್ರೈಹೆಕ್ಸಿಫೆನಿಡಿಲ್ ಇನ್ನೂ ಬೇಕೇ ಎಂದು ಮನೋವೈದ್ಯರನ್ನು ಕೇಳಿ, ಅದನ್ನು ತಗ್ಗಿಸಲು ಸಾಧ್ಯವಾದ ಮೇಲೆ ನಾರ್ಟ್ರಿಪ್ಟಿಲಿನ್ ಬಗ್ಗೆ ಯೋಚಿಸುವುದು ಹೆಚ್ಚು ಸರಿ.

ಕ್ಲೋಜಪಿನ್ ನುಂಗುವವರಿಗೆ ಟ್ರೈಸೈಕ್ಲಿಕ್ ಬೇಡ. ಕ್ಲೋಜಪಿನ್ ಒಂದರಿಂದಲೇ ಕರುಳು ನಿಂತುಹೋಗಿ ಸಾವು ಸಂಭವಿಸಿದ ಪ್ರಕರಣಗಳಿರುವುದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ತನ್ನ ಎಚ್ಚರಿಕೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಅವರಲ್ಲಿ ಮೂರು ದಿನ ಮಲವಾಗದೆ ಹೊಟ್ಟೆ ಉಬ್ಬಿ ನೋವು ಬಂದರೆ ಅದನ್ನು ಐಬಿಎಸ್ ಎಂದು ಕಾಯುತ್ತ ಕುಳಿತುಕೊಳ್ಳಬಾರದು.

ಕಾರ್ಬಮಜೆಪಿನ್ ಟ್ರೈಸೈಕ್ಲಿಕ್‌ಗಳ ಮಟ್ಟವನ್ನು ಇಳಿಸುತ್ತದೆ, ವ್ಯಾಲ್ಪ್ರೋಯೇಟ್ ಏರಿಸುತ್ತದೆ. ನಿದ್ದೆಗೆ ಕ್ಲೋನಜೆಪಾಮ್ ನುಂಗುವವರಿಗೆ ಮಂಪರು ಇಮ್ಮಡಿಯಾಗುತ್ತದೆ. ಬೆಳಗಿನ ಜಾವ ಮೋಟಾರ್ ಸೈಕಲ್ ಹತ್ತುವವರು ಮೊದಲ ಒಂದು ವಾರ ಎಚ್ಚರವಾಗಿರಬೇಕು.

ಗ್ಯಾಸಿನ ಗುಳಿಗೆಯೊಳಗೆ ಅಡಗಿರುವವು

ಅಂಗಡಿಯಲ್ಲಿ ಹೊಟ್ಟೆಯ ಗುಳಿಗೆಯೆಂದು ಸಿಗುವ ಕೆಲವು ಜೋಡಿ ಔಷಧಿಗಳಲ್ಲಿ ಮನೋವೈದ್ಯಕೀಯ ಔಷಧಿಯೇ ಇರುತ್ತದೆಂಬುದು ನುಂಗುವವರಿಗೆ ಗೊತ್ತಿರುವುದಿಲ್ಲ. ರಾಬೆಪ್ರಜೋಲ್ ಜೊತೆಗೆ ಬರುವ ಲೆವೊಸಲ್ಪಿರೈಡ್, ರಿಸ್ಪೆರಿಡೋನ್‌ನಂತೆಯೇ, ಡೋಪಮಿನ್ ಎಂಬ ಮೆದುಳಿನ ರಾಸಾಯನಿಕವನ್ನು ತಡೆಯುವ ಔಷಧಿ. ರಿಸ್ಪೆರಿಡೋನ್ ಪಡೆಯುವವರಿಗೆ ಅದು ಸೇರಿದರೆ ಕೈಕಾಲು ಬಿಗಿತ, ನಡುಕ, ಮಹಿಳೆಯರಲ್ಲಿ ಮುಟ್ಟು ನಿಲ್ಲುವುದು, ಎದೆಹಾಲು ಬರುವುದು ಹೆಚ್ಚಬಹುದು. ಹೊಟ್ಟೆ ನುಲಿತಕ್ಕೆ ಕೊಡುವ ಕ್ಲಿಡಿನಿಯಂ ಜೋಡಿಯಲ್ಲಿ ಕ್ಲೋರ್ಡಯಾಜೆಪಾಕ್ಸೈಡ್ ಎಂಬ, ಚಟವಾಗಬಲ್ಲ ಶಾಮಕ ಔಷಧಿಯಿದೆ. ಫ್ಲುಪೆಂಟಿಕ್ಸಾಲ್ ಮತ್ತು ಮೆಲಿಟ್ರಾಸೆನ್ ಜೋಡಿಯಲ್ಲಂತೂ ಮೊದಲನೆಯದು ಮನೋವಿಕಾರಕ್ಕೆ ಕೊಡುವ ಔಷಧಿ, ಎರಡನೆಯದು ಟ್ರೈಸೈಕ್ಲಿಕ್. ಅದನ್ನು ನುಂಗುತ್ತಲೇ ಅಮಿಟ್ರಿಪ್ಟಿಲಿನ್ ಶುರುಮಾಡಿದರೆ ಒಂದೇ ಗುಂಪಿನ ಎರಡು ಗುಳಿಗೆ ಆದಂತೆ. ಗುಳಿಗೆಯ ಪಟ್ಟಿಯ ಹಿಂಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುವ ಔಷಧಿಯ ಹೆಸರನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಇಬ್ಬರೂ ವೈದ್ಯರಿಗೆ ತೋರಿಸುವುದು ಅತ್ಯಂತ ಸುಲಭದ ರಕ್ಷಣೆ.

ಖಿನ್ನತೆಯ ಗುಳಿಗೆಯಿಲ್ಲದ ದಾರಿ

ಪಟ್ಟಿ ಈಗಾಗಲೇ ಉದ್ದವಾಗಿರುವವರಿಗೆ ನಾನು ಮೊದಲು ತೋರಿಸುವುದು ಇದೇ ದಾರಿ. ಮೆಬೆವೆರಿನ್ ಕರುಳಿನ ಸೆಳೆತವನ್ನು ತಗ್ಗಿಸುತ್ತದೆ, ಡೈಸೈಕ್ಲೋಮಿನ್‌ನಷ್ಟು ಒಣಗಿಸುವುದಿಲ್ಲ. ಪುದೀನಾ ಎಣ್ಣೆಯ ಕ್ಯಾಪ್ಸೂಲ್‌ಗೂ ಒಳ್ಳೆಯ ಆಧಾರವಿದೆ, ಎದೆಯುರಿ ಹೆಚ್ಚಬಹುದೆಂಬುದಷ್ಟೇ ಅದರ ಕೊರತೆ. ಇಸಬಗೋಲು ಸಾಕಷ್ಟು ನೀರಿನೊಂದಿಗೆ, ಬೇರೆ ಗುಳಿಗೆಗಳಿಂದ ಎರಡು ಗಂಟೆಯ ಅಂತರದಲ್ಲಿ. ಕ್ಲೋಜಪಿನ್ ಪಡೆಯುವವರಿಗೆ ಮಾತ್ರ ಅದು ತಕ್ಕದ್ದಲ್ಲ. ಮಲಬದ್ಧತೆಗೆ ಲ್ಯಾಕ್ಟುಲೋಸ್ ಹೊಟ್ಟೆ ಉಬ್ಬಿಸುವುದರಿಂದ ಪಾಲಿಎಥಿಲಿನ್ ಗ್ಲೈಕಾಲ್ ಪುಡಿ ವಾಸಿ. ಭೇದಿಗೆ ಲೋಪೆರಮೈಡ್ ಅಗತ್ಯವಿದ್ದಾಗ, ಹೇಳಿದ ಪ್ರಮಾಣ ಮೀರದಂತೆ.

ಆಹಾರದ ಮಟ್ಟಿಗೆ ಜೋಳದ ರೊಟ್ಟಿ ಉಣ್ಣುವ ನಾವು ಸ್ವಲ್ಪ ಅದೃಷ್ಟವಂತರೇ. ಗೋಧಿಯಲ್ಲಿರುವಷ್ಟು, ಹುಳಿತು ಗಾಳಿ ಉಂಟುಮಾಡುವ ಸಕ್ಕರೆಗಳು ಜೋಳದಲ್ಲಿಲ್ಲ. ತೊಗರಿಬೇಳೆ, ಈರುಳ್ಳಿ, ಬೆಳ್ಳುಳ್ಳಿಗಳಲ್ಲಿ ಅವು ಇವೆ. ನಾಲ್ಕರಿಂದ ಆರು ವಾರ ಕಡಿಮೆ ಮಾಡಿ ನೋಡಿ, ಆಮೇಲೆ ಒಂದೊಂದಾಗಿ ಮರಳಿ ಸೇರಿಸಿ ಯಾವುದು ಒಗ್ಗುವುದಿಲ್ಲವೆಂದು ಕಂಡುಕೊಳ್ಳಬೇಕೇ ಹೊರತು ತೊಗರಿಯ ನಾಡಿನಲ್ಲಿದ್ದು ಜೀವಮಾನವಿಡೀ ಬೇಳೆ ಬಿಡುವ ಅಗತ್ಯವಿಲ್ಲ. ಐಬಿಎಸ್‌ಗೆಂದೇ ರೂಪಿಸಿದ ಆಲೋಚನೆ ಮತ್ತು ವರ್ತನೆ ಆಧಾರಿತ ಆಪ್ತಸಮಾಲೋಚನೆಯೂ ಫಲಕಾರಿ, ಮತ್ತು ಯಾವ ಗುಳಿಗೆಯೊಂದಿಗೂ ಅದು ಜಗಳವಾಡುವುದಿಲ್ಲ.

ಎಲ್ಲಿಗೆ ಹೋಗಬೇಕು, ಏನನ್ನು ಒಯ್ಯಬೇಕು

ಕಲಬುರಗಿಯ ಜಿಮ್ಸ್, ಬೀದರದ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಈ ಮೂರೂ ಸರ್ಕಾರಿ ವೈದ್ಯಕೀಯ ಸಂಸ್ಥೆಗಳಾಗಿದ್ದು, ಒಂದೇ ಆವರಣದಲ್ಲಿ ಸಾಮಾನ್ಯ ವೈದ್ಯರನ್ನೂ ಮನೋವೈದ್ಯರನ್ನೂ ಕಾಣುವ ಅನುಕೂಲ ದೊಡ್ಡದು. ತಾಲ್ಲೂಕಿನವರು ಮಂಗಳವಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನವನ್ನು ವಿಚಾರಿಸಿಕೊಳ್ಳಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುವವರು ಮನೋವೈದ್ಯರ ಇತ್ತೀಚಿನ ಚೀಟಿ, ಲಿಥಿಯಂ ಇದ್ದರೆ ಅದರ ಮಟ್ಟದ ವರದಿ, ಹಳೆಯ ಇಸಿಜಿ ಇವನ್ನು ಹೊಟ್ಟೆಯ ಫೈಲಿನಲ್ಲಿಯೇ ಇಟ್ಟುಕೊಳ್ಳಬೇಕು. ಮನಸ್ಸಿನ ಚಿಕಿತ್ಸೆಯನ್ನು ಮರೆಮಾಚುವ ಅಭ್ಯಾಸ ನಮ್ಮಲ್ಲಿದೆ, ಸಂಬಂಧಿಕರು ಜೊತೆಗಿದ್ದಾಗ ಅದು ಇನ್ನೂ ಹೆಚ್ಚು; ಹಾಗಿದ್ದರೆ ವೈದ್ಯರೊಂದಿಗೆ ಎರಡು ನಿಮಿಷ ಒಬ್ಬರೇ ಮಾತನಾಡಬೇಕೆಂದು ಕೇಳುವುದರಲ್ಲಿ ಸಂಕೋಚ ಬೇಡ.

ಟ್ರೈಸೈಕ್ಲಿಕ್ ಗುಳಿಗೆಗಳನ್ನು ಒಮ್ಮೆಗೇ ಹೆಚ್ಚು ಸಂಖ್ಯೆಯಲ್ಲಿ ನುಂಗಿದರೆ ಹೃದಯದ ಲಯ ಕೆಟ್ಟು ಪ್ರಾಣಾಪಾಯವಾಗುತ್ತದೆ. ಹಿಂದೆ ಆತ್ಮಹತ್ಯೆಯ ಯೋಚನೆ ಬಂದಿದ್ದ ವ್ಯಕ್ತಿ ಮನೆಯಲ್ಲಿದ್ದರೆ ವೈದ್ಯರು ಬೇರೆ ಗುಂಪನ್ನೇ ಆರಿಸಬಹುದು. ಇಲ್ಲವೇ ಒಂದು ವಾರಕ್ಕಾಗುವಷ್ಟೇ ತಂದು, ಇನ್ನೊಬ್ಬರ ಕೈಯಲ್ಲಿ, ಮಕ್ಕಳಿಗೆ ಸಿಗದಂತೆ ಇಡಬೇಕು.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಫಲ ಕಾಣಲು ನಾಲ್ಕರಿಂದ ಆರು ವಾರ, ತೀರ್ಮಾನಕ್ಕೆ ಬರಲು ಮೂರು ತಿಂಗಳು ಕೊಡಬೇಕು. ಗುಣ ಕಂಡರೆ ಸಾಮಾನ್ಯವಾಗಿ 6ರಿಂದ 12 ತಿಂಗಳು ಮುಂದುವರಿಸಿ, ಆಮೇಲೆ ಹಲವು ವಾರಗಳಲ್ಲಿ ಹಂತಹಂತವಾಗಿ ಇಳಿಸುತ್ತಾರೆ. ಇಳಿಸಬೇಕಾದದ್ದು ಹೊಟ್ಟೆಗೆಂದು ಸೇರಿಸಿದ ಗುಳಿಗೆಯನ್ನು ಮಾತ್ರ, ಮನೋವೈದ್ಯರ ಗುಳಿಗೆಯನ್ನಲ್ಲ. ಅಮಿಟ್ರಿಪ್ಟಿಲಿನ್ ಅನ್ನು ಥಟ್ಟನೆ ಬಿಟ್ಟರೆ ವಾಕರಿಕೆ, ನಿದ್ರಾಭಂಗ, ಭೇದಿ ಕಾಣಿಸಿಕೊಳ್ಳುವುದರಿಂದ, ಬಿಟ್ಟ ಮೊದಲ ದಿನಗಳಲ್ಲಿ ಹೊಟ್ಟೆ ಕೆಟ್ಟಿತೆಂದು ಕೂಡಲೇ ಐಬಿಎಸ್ ಮರಳಿತೆಂದು ತೀರ್ಮಾನಿಸದೆ, ಎರಡು ವಾರ ಕಾದು ನೋಡಿ ಆಮೇಲೆ ವೈದ್ಯರನ್ನು ಕಾಣಬೇಕು.